ತಲೆನೋವಿಗೆ ಒಂದು ಗುಳಿಗೆ: ಎಷ್ಟು, ಯಾವಾಗ, ಯಾರಿಗೆ ಬೇಡ

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳ ವೇಳೆಯೇ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ತೆರೆದ ಬಾಗಿಲು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತದೆ. ಸರ್ಕಾರವೇ ಬಿಸಿಲಿಗೆ ಇಷ್ಟು ಮರ್ಯಾದೆ ಕೊಡುವ ಸೀಮೆಯಲ್ಲಿ ತಲೆನೋವು ಯಾರಿಗೂ ಹೊಸ ಸುದ್ದಿಯಲ್ಲ. ಶಹಾಬಾದ ಕಡೆಯ ಫರ್ಸಿ ಗಣಿಗಳಲ್ಲಿ ಕಲ್ಲು ಎತ್ತುವವರು, ದಾಲ್ ಮಿಲ್ಲಿನ ಧೂಳಿನಲ್ಲಿ ನಿಂತು ಬೇಳೆ ಕೇರುವವರು, ಬೈಕಿನ ಮೇಲೆ ಊರೂರು ಸುತ್ತಿ ಸಾಲದ ಕಂತು ವಸೂಲಿ ಮಾಡುವ ಹುಡುಗರು, ಎಲ್ಲರದ್ದೂ ಸಂಜೆಯ ಹೊತ್ತಿಗೆ ಒಂದೇ ದೂರು: ತಲೆ ಸಿಡಿಯುತ್ತಿದೆ. ಮೊದಲು ಹಣೆಗೆ ರುಮಾಲು ಬಿಗಿಯುತ್ತಾರೆ, ಆಮೇಲೆ ಬಾಮ್ ತಿಕ್ಕುತ್ತಾರೆ, ಆಮೇಲೆ ಒಂದು ಕಡಕ್ ಚಹಾ. ಅದಕ್ಕೂ ಬಗ್ಗದಿದ್ದರೆ ಮೂಲೆಯ ಮೆಡಿಕಲ್‌ಗೆ ಹೋಗಿ, "ತಲೆನೋವಿಗೆ ಒಂದು ಗುಳಿಗೆ ಕೊಡಿ" ಎನ್ನುತ್ತಾರೆ.

ಕೈಗೆ ಬರುವುದು ಬಹುತೇಕ ಪ್ಯಾರಾಸಿಟಮಾಲ್. ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿರುವ, ಬೆಲೆಗೆ ಸರ್ಕಾರ ಮಿತಿ ಹಾಕಿರುವ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುವ ಔಷಧ. ಇದು ಒಳ್ಳೆಯ ಔಷಧವೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಇದರ ಒಳ್ಳೆಯತನವೆಲ್ಲ ಲೆಕ್ಕದ ಮೇಲೆ ನಿಂತಿದೆ, ಮತ್ತು ನಮ್ಮ ಮನೆಗಳಲ್ಲಿ ಯಾರೂ ಇಡದೆ ಇರುವುದು ಆ ಲೆಕ್ಕವನ್ನೇ.

ಮೊದಲು ತಲೆನೋವಿನ ವಿಷಯ. ಮಿದುಳಿಗೆ ಸ್ವತಃ ನೋವು ಗೊತ್ತಾಗುವುದಿಲ್ಲ. ಮಿದುಳಿನ ಹೊದಿಕೆ, ಅಲ್ಲಿಯ ರಕ್ತನಾಳಗಳು, ನೆತ್ತಿ ಮತ್ತು ಕುತ್ತಿಗೆಯ ಸ್ನಾಯುಗಳು ನೋಯುತ್ತವೆ. ಹೆಚ್ಚಿನವರಿಗೆ ಬರುವುದು ಬಿಗಿತದ ತಲೆನೋವು: ಎರಡೂ ಕಡೆ, ಪಟ್ಟಿ ಕಟ್ಟಿ ಎಳೆದ ಹಾಗೆ, ಕೆಲಸ ನಿಲ್ಲಿಸುವಷ್ಟು ಜೋರಲ್ಲ. ಎರಡನೆಯದು ಅರೆತಲೆನೋವು, ಅಂದರೆ ಮೈಗ್ರೇನ್. ಹೆಚ್ಚಾಗಿ ಒಂದೇ ಕಡೆ ಮಿಡಿಯುತ್ತದೆ, ವಾಕರಿಕೆ ತರುತ್ತದೆ, ಬೆಳಕು ಮತ್ತು ಸದ್ದನ್ನು ಸಹಿಸಲು ಬಿಡುವುದಿಲ್ಲ. ವಾಂತಿಯಾಗುವುದರಿಂದ ನಮ್ಮಲ್ಲಿ ಇದನ್ನು ಪಿತ್ತ ಎಂದು ಕರೆದು, ನಿಂಬೆಹಣ್ಣು ಹಿಂಡಿ ಕುಡಿಸಿ, ಚಿಕಿತ್ಸೆ ಮುಗಿಯಿತು ಎಂದುಕೊಳ್ಳುತ್ತಾರೆ. ಹಾಗಾಗಿ ವರ್ಷಗಟ್ಟಲೆ ಮೈಗ್ರೇನ್ ಇದ್ದೂ ಅದರ ಹೆಸರು ಗೊತ್ತಿಲ್ಲದ ಹೆಂಗಸರು ಪ್ರತಿ ಓಣಿಯಲ್ಲೂ ಇದ್ದಾರೆ. ಇವೆರಡನ್ನು ಬಿಟ್ಟರೆ ನೀರು ಸಾಲದೆ, ಊಟ ತಪ್ಪಿ, ನಿದ್ದೆಗೆಟ್ಟು, ದಿನದ ಚಹಾ ತಪ್ಪಿ ಬರುವ ತಲೆನೋವುಗಳು. ರಕ್ತದೊತ್ತಡವನ್ನು ಎಲ್ಲರೂ ದೂರುತ್ತಾರೆ. ಆದರೆ ಅದು ತೀರಾ ಮೇಲೇರದ ಹೊರತು ಸಾಮಾನ್ಯವಾಗಿ ತಲೆನೋವು ತರುವುದಿಲ್ಲ. ತಲೆನೋವಿಲ್ಲ ಎಂದು ಬಿ.ಪಿ. ಗುಳಿಗೆ ಬಿಡುವವರು ಇದನ್ನು ಗಮನಿಸಬೇಕು.

ಈ ಔಷಧ ಬಂದ ಬಗೆ ಸ್ವಲ್ಪ ವಿಚಿತ್ರ. 1886ರಲ್ಲಿ ಸ್ಟ್ರಾಸ್‌ಬರ್ಗಿನ ಇಬ್ಬರು ವೈದ್ಯರು, ಕಾನ್ ಮತ್ತು ಹೆಪ್, ಹೊಟ್ಟೆಯ ಹುಳುವಿಗೆಂದು ರೋಗಿಗೆ ನ್ಯಾಫ್ತಲೀನ್ ಕೊಡುತ್ತಿದ್ದರು. ಅಂಗಡಿಯಿಂದ ತಪ್ಪಾಗಿ ಬಂದ ಅಸಿಟಾನಿಲೈಡ್ ಎಂಬ ಬೇರೆ ರಾಸಾಯನಿಕ ರೋಗಿಯ ಹೊಟ್ಟೆ ಸೇರಿತು. ಹುಳು ಸಾಯಲಿಲ್ಲ, ಜ್ವರ ಇಳಿಯಿತು. ಔಷಧವೇನೋ ಮಾರುಕಟ್ಟೆಗೆ ಬಂತು, ಆದರೆ ಕೆಲವರ ಮೈ ನೀಲಿಗಟ್ಟುತ್ತಿತ್ತು. ಅಸಿಟಾನಿಲೈಡ್ ದೇಹದೊಳಗೆ ಹೋಗಿ ಪ್ಯಾರಾಸಿಟಮಾಲ್ ಆಗುತ್ತದೆ, ನೋವು ಇಳಿಸುವುದು ಈ ಎರಡನೆಯದೇ ಎಂದು ಬ್ರಾಡಿ ಮತ್ತು ಆಕ್ಸೆಲ್‌ರಾಡ್ ಎಂಬ ವಿಜ್ಞಾನಿಗಳು ತೋರಿಸಿದ್ದು 1948ರಲ್ಲಿ. ಅಮೆರಿಕದಲ್ಲಿ 1955ರಲ್ಲಿ, ಬ್ರಿಟನ್ನಿನಲ್ಲಿ 1956ರಲ್ಲಿ ಅದು ನೇರವಾಗಿ ಮಾರಾಟಕ್ಕೆ ಬಂತು. ಇಷ್ಟು ಹಳೆಯ ಔಷಧವಾದರೂ ನೋವನ್ನು ಹೇಗೆ ತಗ್ಗಿಸುತ್ತದೆ ಎಂಬುದು ವಿಜ್ಞಾನಕ್ಕೆ ಇಂದಿಗೂ ಪೂರ್ತಿ ಬಿಡಿಸಿಲ್ಲ. ಅದರ ಕೆಲಸ ಮುಖ್ಯವಾಗಿ ಮಿದುಳು ಮತ್ತು ಬೆನ್ನುಹುರಿಯಲ್ಲಿ ನಡೆಯುತ್ತದೆ, ಉರಿಯೂತದ ಮೇಲೆ ಅದಕ್ಕೆ ಹೆಚ್ಚಿನ ಹಿಡಿತವಿಲ್ಲ ಎಂಬಷ್ಟು ಗೊತ್ತಿದೆ. ಜಠರದ ಒಳಪೊರೆಯನ್ನು ಅದು ಕೆರಳಿಸದಿರುವುದಕ್ಕೂ ಇದೇ ಕಾರಣ. ಹಾಗಾಗಿ ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹುಣ್ಣಾಗುತ್ತದೆ ಎಂಬ ಭಯವಾಗಲಿ, ಜೊತೆಗೆ "ಒಂದು ಗ್ಯಾಸಿನ ಗುಳಿಗೆಯೂ ಇರಲಿ" ಎನ್ನುವ ರೂಢಿಯಾಗಲಿ ಈ ಔಷಧಕ್ಕೆ ಬೇಕಿಲ್ಲ. ಆ ಭಯ ಸಲ್ಲುವುದು ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್, ಆಸ್ಪಿರಿನ್ ಎಂಬ ಬೇರೆ ನೋವುನಿವಾರಕಗಳಿಗೆ.

ನುಂಗಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಗುಳಿಗೆ ರಕ್ತ ಸೇರಿ ಕೆಲಸಕ್ಕೆ ತೊಡಗುತ್ತದೆ. ನಾಲ್ಕರಿಂದ ಆರು ಗಂಟೆ ಅದರ ಪ್ರಭಾವ. ದೊಡ್ಡವರಿಗೆ ಒಂದು ಸಲಕ್ಕೆ 500ರಿಂದ 1000 ಮಿಲಿಗ್ರಾಂ, ಎರಡು ಸಲಗಳ ನಡುವೆ ಕನಿಷ್ಠ ನಾಲ್ಕು ಗಂಟೆ ಅಂತರ, ಇಪ್ಪತ್ತನಾಲ್ಕು ಗಂಟೆಯಲ್ಲಿ ಒಟ್ಟು 4000 ಮಿಲಿಗ್ರಾಂ ಮೀರಬಾರದು. ಇದು ಮೇಲಿನ ಗೆರೆ. ಅನೇಕ ವೈದ್ಯರು 3000ಕ್ಕೇ ನಿಲ್ಲಿಸಿ ಎನ್ನುತ್ತಾರೆ, ನನಗೂ ಅದೇ ಸರಿ ಅನ್ನಿಸುತ್ತದೆ. ಪುಸ್ತಕದ ಈ ಪ್ರಮಾಣ ಗಟ್ಟಿಮುಟ್ಟಾದ ಮೈಕಟ್ಟಿನವರಿಗೆ. ಒಂದು ಸಲದ ಪ್ರಮಾಣ ಕಿಲೋ ತೂಕಕ್ಕೆ 15 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು. ತೊಗರಿ ಕೊಯ್ಲಿಗೆ ಹೋಗುವ, 45 ಕಿಲೋ ತೂಗುವ ಹೆಣ್ಣುಮಗಳಿಗೆ ಆ ಲೆಕ್ಕದಲ್ಲಿ 675 ಮಿಲಿಗ್ರಾಂ ಆಯಿತು, ಅಂದರೆ 650ರ ಒಂದೇ ಗುಳಿಗೆ. ಗಂಡನಿಗೆ ಎರಡು ಬೇಕಾಯಿತೆಂದು ಅವಳಿಗೂ ಎರಡು ಕೊಡುವಂತಿಲ್ಲ.

ಗುಳಿಗೆಯಿಂದ ಎಷ್ಟು ನಿರೀಕ್ಷಿಸಬಹುದು? ಜಾಹೀರಾತಿನಲ್ಲಿ ತೋರಿಸುವಷ್ಟಿಲ್ಲ. ಬಿಗಿತದ ತಲೆನೋವಿನ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ 2016ರ ಕಾಕ್ರೇನ್ ವಿಮರ್ಶೆಯ ಪ್ರಕಾರ, 1000 ಮಿಲಿಗ್ರಾಂ ತೆಗೆದುಕೊಂಡ 100 ಜನರಲ್ಲಿ ಎರಡು ಗಂಟೆಗೆ ನೋವು ಪೂರ್ತಿ ಹೋದದ್ದು 24 ಮಂದಿಗೆ. ಔಷಧವೇ ಇಲ್ಲದ ಹುಸಿ ಗುಳಿಗೆ ನುಂಗಿದವರಲ್ಲಿ 19 ಮಂದಿಗೆ. ಮೈಗ್ರೇನ್‌ನಲ್ಲಿ ಅದೇ ಲೆಕ್ಕ 19 ಮತ್ತು 10. ಅಂದರೆ ಗುಳಿಗೆ ಕೆಲಸ ಮಾಡುತ್ತದೆ, ಆದರೆ ತಾನಾಗಿಯೇ ಇಳಿಯುವ ತಲೆನೋವುಗಳ ಕೀರ್ತಿಯನ್ನೂ ಅದೇ ಹೊತ್ತುಕೊಂಡು ಓಡಾಡುತ್ತದೆ. ಮೈಗ್ರೇನ್‌ಗೆ 400 ಮಿಲಿಗ್ರಾಂ ಐಬುಪ್ರೊಫೆನ್ ಇನ್ನೂ ಮೇಲು, ಅಲ್ಲಿ ಲೆಕ್ಕ 26 ಮತ್ತು 12. ಮೈಗ್ರೇನ್ ಬಂದಾಗ ಹೊಟ್ಟೆಯ ಚಲನೆ ಮಂದವಾಗುವುದರಿಂದ ತಡವಾಗಿ ನುಂಗಿದ ಗುಳಿಗೆ ಕರಗಿ ಮುಂದೆ ಸಾಗುವುದೂ ತಡ. ನೋವು ಮೊಳೆಯುವಾಗಲೇ ತೆಗೆದುಕೊಂಡರೆ ಫಲ ಹೆಚ್ಚು. "ತಡೆಯಲು ಆಗದಿದ್ದಾಗ ನೋಡೋಣ" ಎನ್ನುವ ಹಿರಿಯರ ಹಟ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಸೂಜಿಯ ಮೋಹದ ಬಗ್ಗೆಯೂ ಒಂದು ಮಾತು. ಹಳ್ಳಿಗಳಲ್ಲಿ ಗುಳಿಗೆ ಬರೆದುಕೊಟ್ಟ ವೈದ್ಯರಿಗಿಂತ ಸೂಜಿ ಚುಚ್ಚಿದವರೇ ದೊಡ್ಡ ವೈದ್ಯರು. ಆ ಸೂಜಿಯಲ್ಲಿ ಹೆಚ್ಚಾಗಿ ಇರುವುದು ಡೈಕ್ಲೋಫಿನ್ಯಾಕ್‌ನಂಥ ನೋವುನಿವಾರಕವೇ. ವಾಂತಿಯಿಂದ ಗುಳಿಗೆ ಹೊಟ್ಟೆಯಲ್ಲಿ ನಿಲ್ಲದವರನ್ನು ಬಿಟ್ಟರೆ, ಸಾಧಾರಣ ತಲೆನೋವಿಗೆ ಅದರ ಅಗತ್ಯವಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಕ್ರೋಸಿನ್, ಕಾಲ್ಪಾಲ್, ಡೋಲೋ ಇವು ಮೂರು ಬೇರೆ ಬೇರೆ ಔಷಧಗಳೆಂದು ನಂಬಿದವರು ಬಹಳ. ಮೂರರಲ್ಲೂ ಇರುವುದು ಪ್ಯಾರಾಸಿಟಮಾಲ್. ಕೊರೊನಾ ಕಾಲದಲ್ಲಿ ಮನೆಮಾತಾದ 650 ಎಂಬ ಅಂಕಿಗೆ ಮಾಯಾಶಕ್ತಿಯೇನೂ ಇಲ್ಲ, 500ಕ್ಕಿಂತ 150 ಮಿಲಿಗ್ರಾಂ ಹೆಚ್ಚು, ಅಷ್ಟೇ. ಜನೌಷಧಿ ಕೇಂದ್ರದ ಹೆಸರಿಲ್ಲದ ಗುಳಿಗೆಯಲ್ಲಿ ಇರುವುದೂ ಇದೇ. ಕಾಂಬಿಫ್ಲಾಮ್‌ನಲ್ಲಿ 400 ಮಿಲಿಗ್ರಾಂ ಐಬುಪ್ರೊಫೆನ್ ಜೊತೆಗೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದೆ. ಸಾರಿಡಾನ್‌ನಲ್ಲಿ ಪ್ಯಾರಾಸಿಟಮಾಲ್ ಜೊತೆ ಪ್ರೊಪಿಫೆನಜೋನ್ ಎಂಬ ಇನ್ನೊಂದು ನೋವುನಿವಾರಕ ಮತ್ತು ಕೆಫೀನ್ ಇವೆ. ನೆಗಡಿ, ಮೂಗು ಕಟ್ಟುವುದಕ್ಕೆಂದು ಕೊಡುವ ಅನೇಕ ಗುಳಿಗೆಗಳಲ್ಲೂ 325 ಅಥವಾ 500 ಮಿಲಿಗ್ರಾಂ ಇದ್ದೇ ಇರುತ್ತದೆ.

ಒಬ್ಬ ಮನುಷ್ಯನ ಒಂದು ದಿನವನ್ನು ನೋಡಿ. ನೆಗಡಿ, ಮೈಕೈ ನೋವು, ತಲೆಭಾರ. ಮನೆಯಲ್ಲಿದ್ದ 650ರ ಗುಳಿಗೆ ದಿನಕ್ಕೆ ಮೂರು: 1950. ಮೆಡಿಕಲ್‌ನವರು ಕೊಟ್ಟ, 500 ಮಿಲಿಗ್ರಾಂ ಇರುವ ನೆಗಡಿ ಗುಳಿಗೆ ಮೂರು ಹೊತ್ತು: 1500. ಮೈಕೈ ನೋವಿಗೆಂದು ಅಣ್ಣ ಕೊಟ್ಟ ಕಾಂಬಿಫ್ಲಾಮ್ ಎರಡು: 650. ಕೂಡಿಸಿದರೆ 4100. ಯಾವ ಗುಳಿಗೆಯನ್ನೂ ಆತ ಹೆಚ್ಚು ತೆಗೆದುಕೊಂಡಿಲ್ಲ, ಯಾರೂ ತಪ್ಪು ಸಲಹೆ ಕೊಟ್ಟಿಲ್ಲ, ಆದರೂ ಗೆರೆ ದಾಟಿಯಾಯಿತು. ಅದು ಒಂದು ದಿನಕ್ಕೆ ನಿಂತರೆ ಆರೋಗ್ಯವಂತನ ದೇಹ ತಾಳಿಕೊಂಡೀತು. ನಾಲ್ಕೈದು ದಿನ ಎಳೆದರೆ, ಊಟವೂ ಸರಿಯಿಲ್ಲದಿದ್ದರೆ, ಕಥೆ ಬೇರೆ. ಸ್ಟ್ರಿಪ್‌ನ ಹಿಂಬದಿ ಸಣ್ಣ ಅಕ್ಷರಗಳಲ್ಲಿ ಔಷಧದ ಹೆಸರಿರುತ್ತದೆ, ಬಹುತೇಕ ಇಂಗ್ಲಿಷಿನಲ್ಲಿ. ಕಲಬುರಗಿಯ ಹಳ್ಳಿಗನೊಬ್ಬ ಅದನ್ನು ಓದಿ ಕೂಡಿಸಿಕೊಳ್ಳಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ಅಂಗಡಿಯಲ್ಲಿ ಕೇಳಬಹುದಾದ ಪ್ರಶ್ನೆ ಇದೊಂದೇ: "ಇದರಲ್ಲಿ ಪ್ಯಾರಾಸಿಟಮಾಲ್ ಇದೆಯೇ? ಎಷ್ಟಿದೆ?"

ಅತಿಯಾದರೆ ಆಗುವುದೇನು? ಯಕೃತ್ತನ್ನು ನಮ್ಮ ಕಲಬುರಗಿಯ ದೊಡ್ಡ ಮಾರುಕಟ್ಟೆ ನೆಹರೂ ಗಂಜ್ ಎಂದುಕೊಳ್ಳಿ. ಬಂದ ಮಾಲಿನ ಬಹುಪಾಲು ಎರಡು ದೊಡ್ಡ ಗೇಟುಗಳಿಂದ ತಂಟೆಯಿಲ್ಲದೆ ಹೊರಗೆ ಹೋಗುತ್ತದೆ. ನೂರಕ್ಕೆ ಐದರಿಂದ ಹತ್ತರಷ್ಟು ಭಾಗ ಮಾತ್ರ ಹಿಂದಿನ ಸಣ್ಣ ಗೇಟಿನಿಂದ ಹೋಗಿ, ದಾರಿಯಲ್ಲಿ ಒಂದು ವಿಷವಸ್ತುವಾಗಿ ಮಾರ್ಪಡುತ್ತದೆ. ಅದನ್ನು ಹಿಡಿದು ಅಡಗಿಸಲು ಗ್ಲುಟಾಥಯೋನ್ ಎಂಬ ಕಾವಲುಗಾರರಿದ್ದಾರೆ. ಮಾಲು ಮಿತಿಮೀರಿ ಬಂದರೆ ದೊಡ್ಡ ಗೇಟುಗಳು ತುಂಬಿ, ಸಣ್ಣ ಗೇಟಿನತ್ತ ನೂಕುನುಗ್ಗಲಾಗಿ, ಕಾವಲುಗಾರರು ಸಾಲದೆ ಹೋಗುತ್ತಾರೆ. ಆಮೇಲೆ ಆ ವಿಷ ಯಕೃತ್ತಿನ ಜೀವಕೋಶಗಳನ್ನೇ ಕೊಲ್ಲುತ್ತದೆ.

ದಿನವೂ ಕುಡಿಯುವವರಲ್ಲಿ ಮದ್ಯವು ಆ ಹಿಂದಿನ ಗೇಟನ್ನು ಅಗಲ ಮಾಡಿರುತ್ತದೆ. ಉಪವಾಸ ಮತ್ತು ಅಪೌಷ್ಟಿಕತೆ ಕಾವಲುಗಾರರ ಸಂಖ್ಯೆಯನ್ನು ಇಳಿಸುತ್ತವೆ. ಸೇಂದಿ, ಸಾರಾಯಿ ಯಾವುದೇ ಇರಲಿ, ನಿತ್ಯ ಕುಡಿಯುವವರು, ಕಾಮಾಲೆ ಅಥವಾ ಯಕೃತ್ತಿನ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಕೊಡುವುದಾದರೂ ದಿನಕ್ಕೆ 2000 ಮಿಲಿಗ್ರಾಂ ಒಳಗೇ ಕೊಡುವುದು ವೈದ್ಯರ ರೂಢಿ. ರೋಜಾ ಅಥವಾ ಶ್ರಾವಣದ ಉಪವಾಸದಲ್ಲಿ ಒಂದು ಗುಳಿಗೆಯಿಂದ ಅಪಾಯವಿಲ್ಲ. ಆದರೆ ಅಂಥ ದಿನಗಳ ತಲೆನೋವು ಬಹಳ ಸಲ ತಪ್ಪಿದ ಚಹಾದ್ದು, ಸಾಲದ ನೀರಿನದ್ದು.

ನೀರಿನ ಮಾತು ಬಂತು, ಬೇಸಿಗೆಯ ಮಾತನ್ನೂ ಮುಗಿಸಿಬಿಡುತ್ತೇನೆ. ಬಿಸಿಲಿನಿಂದ ಬಂದವನಿಗೆ ತಲೆನೋವೆಂದರೆ ಮೊದಲು ಗುಳಿಗೆ ಹುಡುಕಬೇಡಿ. ನೆರಳು, ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಅಥವಾ ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಓ.ಆರ್.ಎಸ್., ಅರ್ಧ ಗಂಟೆಯ ವಿಶ್ರಾಂತಿ. ಆಮೇಲೂ ನೋವಿದ್ದರೆ ಪ್ಯಾರಾಸಿಟಮಾಲ್. ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್ ಅಂತೂ ಆ ಹೊತ್ತಿಗೆ ಬೇಡವೇ ಬೇಡ. ನೀರು ಬತ್ತಿದ ದೇಹದಲ್ಲಿ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಅವು ಇನ್ನಷ್ಟು ತಗ್ಗಿಸುತ್ತವೆ. ಮೈ ಕಾದ ಹೆಂಚಿನಂತಾಗಿ ಮಾತು ತೊದಲುತ್ತಿದ್ದರೆ, ಗೊಂದಲವಾಗಿದ್ದರೆ, ಅದು ಉಷ್ಣಾಘಾತ. ಆಗ ಪ್ಯಾರಾಸಿಟಮಾಲ್ ಕೊಟ್ಟು ಕಾಯುವುದು ಅಪಾಯ. ಜ್ವರದಲ್ಲಿ ಮಿದುಳು ತಾನಾಗಿಯೇ ದೇಹದ ಶಾಖದ ಮಟ್ಟವನ್ನು ಏರಿಸಿಕೊಂಡಿರುತ್ತದೆ, ಗುಳಿಗೆ ಆ ಮಟ್ಟವನ್ನು ಇಳಿಸುತ್ತದೆ. ಉಷ್ಣಾಘಾತದಲ್ಲಿ ಮಟ್ಟ ಏರಿರುವುದಿಲ್ಲ, ದೇಹ ಹೊರಗಿನ ಶಾಖಕ್ಕೆ ಸೋತಿರುತ್ತದೆ. ಹೀಗಾಗಿ ಗುಳಿಗೆಗೆ ಅಲ್ಲಿ ಕೆಲಸವಿಲ್ಲ, ಬಳಲಿದ ಯಕೃತ್ತಿಗೆ ಹೊರೆ ಮಾತ್ರ. ಬಟ್ಟೆ ಸಡಿಲಿಸಿ, ನೀರು ಸುರಿದು ಗಾಳಿ ಹಾಕುತ್ತ 108ಕ್ಕೆ ಕರೆ ಮಾಡಬೇಕು. ಮಳೆಗಾಲದಲ್ಲಿ ಜ್ವರದೊಂದಿಗೆ ಕಣ್ಣಿನ ಹಿಂದೆ ಕೀಳುವಂಥ ತಲೆನೋವು ಬಂದರೆ ಡೆಂಗಿ ಇರಬಹುದು. ಅಲ್ಲಿ ಪ್ಯಾರಾಸಿಟಮಾಲ್ ಸರಿ. ರಕ್ತಸ್ರಾವದ ಭಯವಿರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್ ಕೂಡದು.

ಗರ್ಭಿಣಿಯರಿಗೆ ತಲೆನೋವು ಬಂದರೆ ವೈದ್ಯರು ಮೊದಲು ಆರಿಸುವುದು ಇದನ್ನೇ, ಕಡಿಮೆ ಪ್ರಮಾಣದಲ್ಲಿ, ಕಡಿಮೆ ದಿನ. ಆದರೆ ಐದು ತಿಂಗಳು ದಾಟಿದ ಮೇಲೆ ಜೋರಾದ ತಲೆನೋವು, ಕಣ್ಣು ಮಂಜು, ಮುಖ ಊದಿಕೊಳ್ಳುವುದು ಕಂಡರೆ ಮೊದಲು ಬಿ.ಪಿ. ನೋಡಿಸಬೇಕು. ಹೃದಯದ ತೊಂದರೆಗೆ ಆಸ್ಪಿರಿನ್ ನುಂಗುತ್ತಿರುವವರಿಗೂ ಐಬುಪ್ರೊಫೆನ್‌ಗಿಂತ ಪ್ಯಾರಾಸಿಟಮಾಲ್ ಒಳಿತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರು ಮಾತ್ರ ಇದನ್ನು ದಿನವೂ ನುಂಗುವ ಮೊದಲು ವೈದ್ಯರಿಗೆ ತಿಳಿಸಬೇಕು.

ಇನ್ನೊಂದು ಲೆಕ್ಕವಿದೆ, ಅದು ಮಿಲಿಗ್ರಾಮಿನದ್ದಲ್ಲ, ದಿನಗಳದ್ದು. ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ದಿನ ಪ್ಯಾರಾಸಿಟಮಾಲ್ ನುಂಗುತ್ತ ಮೂರು ತಿಂಗಳು ದಾಟಿದರೆ, ಗುಳಿಗೆಯೇ ತಲೆನೋವನ್ನು ಹುಟ್ಟಿಸತೊಡಗುತ್ತದೆ. ಕೆಫೀನ್ ಮುಂತಾದವು ಬೆರೆತ ಗುಳಿಗೆಗಳಿಗೆ ಈ ಗೆರೆ ಇನ್ನೂ ಕೆಳಗೆ, 10 ದಿನಕ್ಕೇ. ಬೆಳಿಗ್ಗೆ ಏಳುತ್ತಲೇ ನೋವು, ಗುಳಿಗೆ ನುಂಗಿದರೆ ನಾಲ್ಕು ಗಂಟೆ ಆರಾಮ, ಮತ್ತೆ ನೋವು. ನುಂಗುವವರಿಗೆ ಇದು ಗೊತ್ತಾಗುವುದೇ ಇಲ್ಲ, ಏಕೆಂದರೆ ಪ್ರತಿ ಸಲವೂ ಗುಳಿಗೆ ಕೆಲಸ ಮಾಡಿದಂತೆಯೇ ಕಾಣುತ್ತದೆ. ಚಹಾ ಹೊಟೇಲಿನ ಪಕ್ಕದ ಕಿರಾಣಿ ಅಂಗಡಿಯಲ್ಲಿ ಬೀಡಿಯ ಜೊತೆ ಬಿಡಿ ಗುಳಿಗೆಯೂ ಸಿಗುವ ಕಡೆ ಈ ಬಲೆ ಇನ್ನೂ ಸಲೀಸು. ಚಹಾ ಹೀರಿ, ಗುಳಿಗೆ ನುಂಗಿ, ಕೆಲಸಕ್ಕೆ ಹೋಗುವುದು ಕೆಲವರ ದಿನಚರಿಯೇ ಆಗಿಬಿಟ್ಟಿದೆ. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅದೇ ಚೌಕದ ಮೂಲೆಯಲ್ಲಿ ಗುಳಿಗೆ ನುಂಗಿದ ದಿನ ಒಂದು ಚುಕ್ಕೆ ಇಡಿ. ವಾರಕ್ಕೆ ಎರಡಕ್ಕಿಂತ ಹೆಚ್ಚು ಚುಕ್ಕೆ ಬೀಳುತ್ತಿದ್ದರೆ ಆ ಹಾಳೆಯನ್ನೇ ವೈದ್ಯರಿಗೆ ತೋರಿಸಿ. ಮೈಗ್ರೇನ್ ಪದೇ ಪದೇ ಬರುವವರಿಗೆ, ನೋವು ಬಾರದಂತೆ ತಡೆಯುವ ಬೇರೆಯೇ ಔಷಧಗಳಿವೆ.

ಗುಳಿಗೆ ನುಂಗಿ ಕಾಯಬಾರದ ತಲೆನೋವುಗಳೂ ಇವೆ. ಜೀವನದಲ್ಲೇ ಕಾಣದಂಥದ್ದು, ಒಮ್ಮೆಲೇ ಸಿಡಿಲಿನಂತೆ ಬಡಿದದ್ದು. ಜ್ವರದೊಂದಿಗೆ ಕುತ್ತಿಗೆ ಬಗ್ಗಿಸಲಾಗದ್ದು. ಕೈಕಾಲು ಸೋಲುವುದು, ಬಾಯಿ ವಾರೆಯಾಗುವುದು, ಮಾತು ನಿಲ್ಲುವುದು, ಫಿಟ್ಸ್ ಬರುವುದು ಜೊತೆಗಿದ್ದದ್ದು. ಬೈಕಿನಿಂದ ಬಿದ್ದ ಮೇಲೆ ಬಂದದ್ದು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದದ್ದು, ಕೆಮ್ಮಿದರೆ ಅಥವಾ ಮಲಗಿದರೆ ಹೆಚ್ಚಾಗುವಂಥದ್ದು. ಇವಕ್ಕೆ ಕಲಬುರಗಿಯಾಗಲಿ ಬೀದರ್, ಯಾದಗಿರಿಯಾಗಲಿ, ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ.

ಮಕ್ಕಳ ಸಿರಪ್‌ನಲ್ಲಿ ಆಗುವ ಎಡವಟ್ಟನ್ನು ಹೇಳದಿದ್ದರೆ ಲೇಖನ ಅರೆಯಾಗುತ್ತದೆ. ಮಗುವಿಗೆ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲ ಮೀರದಂತೆ. ಹತ್ತು ಕಿಲೋದ ಕೂಸಿಗೆ ಒಂದು ಸಲಕ್ಕೆ 100ರಿಂದ 150 ಮಿಲಿಗ್ರಾಂ ಆಯಿತು. ಆದರೆ ಅಂಗಡಿಯಲ್ಲಿ ಮೂರು ಬಗೆಯ ದ್ರವಗಳಿವೆ: 5 ಮಿಲಿಲೀಟರಿಗೆ 120 ಅಥವಾ 125 ಮಿಲಿಗ್ರಾಂ ಇರುವ ಸಿರಪ್, ಅದರ ದುಪ್ಪಟ್ಟು ಗಾಢವಾದದ್ದು, ಮತ್ತು ಒಂದೇ ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಇರುವ ಹನಿಗಳ ಬಾಟಲಿ. ಹನಿಯ ಬಾಟಲಿಯಿಂದ ಸಿರಪ್‌ನ ಲೆಕ್ಕದಲ್ಲಿ 5 ಮಿಲಿಲೀಟರ್ ಸುರಿದು ಕುಡಿಸಿದರೆ ಕೂಸಿನ ಹೊಟ್ಟೆಗೆ 500 ಮಿಲಿಗ್ರಾಂ ಹೋಗುತ್ತದೆ, ದೊಡ್ಡವರ ಒಂದು ಗುಳಿಗೆಯಷ್ಟು. ಅಡುಗೆಮನೆಯ ಚಮಚ ಬಿಟ್ಟು ಬಾಟಲಿಯ ಜೊತೆ ಬಂದ ಅಳತೆಯಲ್ಲೇ ಕೊಡಿ, ಅಣ್ಣನಿಗೆ ತಂದದ್ದನ್ನು ತಮ್ಮನಿಗೆ ಅಂದಾಜಿನಲ್ಲಿ ಹಾಕಬೇಡಿ. ಮಕ್ಕಳ ಜ್ವರ, ತಲೆನೋವಿಗೆ ಆಸ್ಪಿರಿನ್ ಕೊಡಲೇಬಾರದು. ಹನ್ನೆರಡು ವರ್ಷದೊಳಗಿನವರಿಗೆ ನಿಮೆಸುಲೈಡ್ ಎಂಬ ಜ್ವರ-ನೋವಿನ ಔಷಧ ಕೊಡುವುದನ್ನು ಭಾರತ ಸರ್ಕಾರ 2011ರಲ್ಲೇ ನಿಷೇಧಿಸಿದೆ.

ದೊಡ್ಡವರಾಗಲಿ ಮಕ್ಕಳಾಗಲಿ, ಗೊತ್ತಿಲ್ಲದೆಯೋ ಬೇಕೆಂದೋ ಒಮ್ಮೆಗೇ ಹೆಚ್ಚು ನುಂಗಿದ್ದರೆ, ಮೊದಲ ದಿನ ಮೋಸದ ದಿನ. ಸ್ವಲ್ಪ ವಾಕರಿಕೆ ಬಿಟ್ಟರೆ ಏನೂ ಕಾಣದಿರಬಹುದು. ಯಕೃತ್ತಿನ ಪೆಟ್ಟು ಹೊರಗೆ ಕಾಣುವುದು ಎರಡನೆಯ ಅಥವಾ ಮೂರನೆಯ ದಿನ. ಇದಕ್ಕೆ ಪ್ರತಿವಿಷವಿದೆ, ಹೆಸರು ಅಸಿಟೈಲ್ ಸಿಸ್ಟೀನ್. ನುಂಗಿದ ಎಂಟು ಗಂಟೆಯೊಳಗೆ ಕೊಟ್ಟರೆ ಅದು ಬಹುತೇಕ ಯಕೃತ್ತನ್ನು ಉಳಿಸಿಕೊಡುತ್ತದೆ, ತಡವಾದಷ್ಟೂ ಅದರ ಕೈ ಸಣ್ಣದಾಗುತ್ತದೆ. ಆದ್ದರಿಂದ ರೋಗಿ ಎದ್ದು ಓಡಾಡುತ್ತಿದ್ದರೂ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿ ವೈದ್ಯರು ಮೊದಲು ಕೇಳುವುದು ಎರಡನ್ನು: ಎಷ್ಟು ನುಂಗಿದರು, ಎಷ್ಟು ಹೊತ್ತಿಗೆ ನುಂಗಿದರು.